ನೋಡಿ ಕಲಿಯುವ ಮಗು, ಮಾಡಿ ಕಲಿಯುವ ಮಗು: ಮನೆಪಾಠದ ಬಗ್ಗೆ ಓದುಗರ ಪ್ರಶ್ನೆಗಳು

ಚಿಕ್ಕಬಳ್ಳಾಪುರ ಜಿಲ್ಲೆಯಿಂದ ಈ ತಿಂಗಳು ಬಂದ ಪತ್ರಗಳಲ್ಲಿ ಹಲವು ಚಿಕ್ಕ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿಕೊಡುವುದನ್ನು ಕುರಿತವು. ಅವುಗಳಲ್ಲಿ ಒಂದಕ್ಕೊಂದು ಸಂಬಂಧವಿರುವ ಐದನ್ನು ಆರಿಸಿ ಒಟ್ಟಿಗೇ ಉತ್ತರಿಸಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಬರೆದವರ ಹೆಸರುಗಳನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ, ರೇಷ್ಮೆ ಬೆಳೆಯುವ ಮನೆ. ಮಗಳಿಗೆ ಎಂಟು ವರ್ಷ, ಮಗನಿಗೆ ಆರು. ಇಬ್ಬರಿಗೂ ಕಳೆದ ಜೂನ್‌ನಿಂದ ನಾನೇ ಪಾಠ ಹೇಳುತ್ತಿದ್ದೇನೆ. ಮಗಳು ಪುಸ್ತಕ ಹಿಡಿದರೆ ಏಳುವುದಿಲ್ಲ, ಚಿತ್ರ ಒಮ್ಮೆ ನೋಡಿದರೆ ಮರೆಯುವುದಿಲ್ಲ. ಮಗ ಒಂದೆಡೆ ಕೂರುವುದೇ ಇಲ್ಲ, ಏನನ್ನಾದರೂ ಮುಟ್ಟಿ ಬಿಚ್ಚಿ ನೋಡಬೇಕು. ಅಂತರ್ಜಾಲದಲ್ಲಿ ಸಿಕ್ಕಿದ ಪ್ರಶ್ನಾವಳಿಯೊಂದನ್ನು ತುಂಬಿದಾಗ ಮಗಳು ‘ನೋಡಿ ಕಲಿಯುವವಳು’, ಮಗ ‘ಮಾಡಿ ಕಲಿಯುವವನು’ ಎಂದು ಬಂತು. ಅಂದಿನಿಂದ ಪ್ರತಿ ಪಾಠವನ್ನೂ ಎರಡು ಬಗೆಯಲ್ಲಿ ಸಿದ್ಧಪಡಿಸುತ್ತಿದ್ದೇನೆ. ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವ ದಿನಗಳಲ್ಲಿ ಇದು ಆಗುವ ಮಾತಲ್ಲ. ಏನು ಮಾಡಲಿ?

ಉತ್ತರ: ಎರಡು ಬಗೆಯ ಪಾಠ ಸಿದ್ಧಪಡಿಸುವುದನ್ನು ಇಂದೇ ನಿಲ್ಲಿಸಬಹುದು, ತಾಯಿ. ಆ ಪ್ರಶ್ನಾವಳಿಗಳು ಮಗುವಿಗೆ ಏನು ಇಷ್ಟ ಎನ್ನುವುದನ್ನು ಮಾತ್ರ ಹೇಳುತ್ತವೆ. ಹೇಗೆ ಹೇಳಿಕೊಟ್ಟರೆ ಪಾಠ ತಲೆಯಲ್ಲಿ ನಿಲ್ಲುತ್ತದೆ ಎನ್ನುವುದನ್ನು ಹೇಳುವ ಶಕ್ತಿ ಅವುಗಳಿಗಿಲ್ಲ.

ನೋಡಿ, ಕೇಳಿ, ಓದಿ ಬರೆದು, ಮಾಡಿ ಕಲಿಯುವವರು ಎಂಬ ನಾಲ್ಕು ವಿಂಗಡಣೆ ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಅವರಿಂದ 1992ರ ನಂತರ ಹೆಚ್ಚು ಪ್ರಚಾರಕ್ಕೆ ಬಂತು. ಇಂತಹ ವಿಂಗಡಣೆಗಳು ಎಷ್ಟಿವೆ ಎಂದು ಬ್ರಿಟನ್ನಿನ ಫ್ರ್ಯಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು 2004ರಲ್ಲಿ ಹುಡುಕಿ ನೋಡಿದಾಗ 71 ಸಿಕ್ಕಿದವು. ಅನುಮಾನ ಪಡಲು ನನಗೆ ಅಷ್ಟೇ ಸಾಕಾಗಿತ್ತು. 2008ರಲ್ಲಿ ಅಮೆರಿಕದ ಹೆರಾಲ್ಡ್ ಪ್ಯಾಷ್ಲರ್ ಮತ್ತು ಇನ್ನು ಮೂವರು ಮನೋವಿಜ್ಞಾನಿಗಳು, ಮಗುವಿನ ಬಗೆಗೆ ಹೊಂದಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎಂಬ ನಂಬಿಕೆಯನ್ನು ಒರೆಗೆ ಹಚ್ಚುವ ಸರಿಯಾದ ಕ್ರಮ ಯಾವುದೆಂದು ವಿವರಿಸಿದರು. ‘ನೋಡಿ ಕಲಿಯುವವರು’ ಎನ್ನಿಸಿಕೊಂಡವರಲ್ಲಿ ಅರ್ಧ ಮಂದಿಗೆ ನೋಡಿಸಿ, ಉಳಿದರ್ಧಕ್ಕೆ ಕೇಳಿಸಿ ಕಲಿಸಬೇಕು. ‘ಕೇಳಿ ಕಲಿಯುವವರಿಗೂ’ ಹಾಗೆಯೇ ಮಾಡಬೇಕು. ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ ಕೊಟ್ಟಾಗ, ಎರಡೂ ಗುಂಪಿನಲ್ಲಿ ತಮ್ಮ ತಮ್ಮ ಬಗೆಗೆ ಹೊಂದುವ ಪಾಠ ಸಿಕ್ಕವರೇ ಮುಂದೆ ಬರಬೇಕು. ಈ ಕ್ರಮದಲ್ಲಿ ನಡೆದ ಪ್ರಯೋಗಗಳು ತೀರ ಕಡಿಮೆ, ನಡೆದವುಗಳಲ್ಲೂ ಹಲವು ಈ ನಂಬಿಕೆಗೆ ವಿರುದ್ಧವಾದ ಫಲಿತಾಂಶ ಕೊಟ್ಟಿವೆ ಎಂಬುದು ಅವರು ಕಂಡುಕೊಂಡ ವಿಷಯ. ಕೆಲವು ತರಬೇತಿಗಳಲ್ಲಿ ಇದರ ಜೊತೆಗೆ ಹೊವಾರ್ಡ್ ಗಾರ್ಡ್‌ನರ್ 1983ರಲ್ಲಿ ಮಂಡಿಸಿದ, ಬುದ್ಧಿ ಒಂದೇ ಅಲ್ಲ ಹಲವು ಎನ್ನುವ ಬಹುಬುದ್ಧಿಯ ವಾದವನ್ನೂ ಬೆರೆಸಿ ಹೇಳುವುದುಂಟು. ಅದು ಬೇರೆ, ಇದು ಬೇರೆ ಎಂದು ಗಾರ್ಡ್‌ನರ್ ಅವರೇ ಸ್ಪಷ್ಟಪಡಿಸಿದ್ದಾರೆ.

ಹಾಗಾದರೆ ನೀವು ಕಣ್ಣಾರೆ ಕಂಡದ್ದು ಸುಳ್ಳೇ ಎಂದು ನೀವು ಕೇಳಬಹುದು. ಸುಳ್ಳಲ್ಲ, ಆದರೆ ಅದಕ್ಕೆ ಬೇರೆ ಕಾರಣಗಳಿವೆ. ಮಗಳಿಗೆ ಎಂಟು ವರ್ಷ, ಓದು ಕೈವಶವಾಗಿದೆ. ಬಂದ ಕೆಲಸವನ್ನು ಯಾರಾದರೂ ಇಷ್ಟಪಟ್ಟು ಮಾಡುತ್ತಾರೆ. ಮಗನಿಗೆ ಆರು ವರ್ಷ, ಅಕ್ಷರ ಇನ್ನೂ ಕಷ್ಟ. ಕಷ್ಟವಾದದ್ದರಿಂದ ಎದ್ದು ಓಡುವುದು ಆ ವಯಸ್ಸಿನ ಗುಣ. ಅವನಿಗೆ ಎಂಟು ತುಂಬುವವರೆಗೆ ಕಾಯದೆ ಇಂದೇ ‘ಇವನು ಪುಸ್ತಕದವನಲ್ಲ’ ಎಂದು ತೀರ್ಮಾನಿಸಿದರೆ, ಓದಿನ ಅಭ್ಯಾಸ ಎಲ್ಲರಿಗಿಂತ ಹೆಚ್ಚು ಬೇಕಾದ ಹುಡುಗನಿಗೇ ಅದು ಎಲ್ಲರಿಗಿಂತ ಕಡಿಮೆ ಸಿಕ್ಕಂತಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ ಮಕ್ಕಳ ಕಿವಿಗೆ ಈ ಮಾತು ಬೀಳುವುದು. ಅಮ್ಮನೇ ಹೇಳಿದ್ದಾಳೆ, ನಾನು ಓದಿ ಕಲಿಯುವವನಲ್ಲ ಎಂದು ಆರು ವರ್ಷದ ಹುಡುಗ ಒಮ್ಮೆ ನಂಬಿಬಿಟ್ಟರೆ, ಪುಸ್ತಕ ಕಂಡಾಗಲೆಲ್ಲ ಅವನಿಗೆ ಒಳ್ಳೆಯದೊಂದು ನೆಪ ಸಿಗುತ್ತದೆ.

ಕಣ್ಣು, ಕಿವಿ, ಕೈ ಇವುಗಳಲ್ಲಿ ಯಾವುದಕ್ಕೆ ಎಷ್ಟು ಕೆಲಸ ಕೊಡಬೇಕು ಎನ್ನುವುದನ್ನು ಮಗುವಿನ ‘ಬಗೆ’ ತೀರ್ಮಾನಿಸುವುದಿಲ್ಲ, ಹೇಳಿಕೊಡಬೇಕಾದ ವಿಷಯ ತೀರ್ಮಾನಿಸುತ್ತದೆ. ಅಕ್ಷರ ಕಲಿಸುವಾಗ ಆಕಾರವನ್ನು ಕಣ್ಣು ನೋಡಬೇಕು, ಉಚ್ಚಾರವನ್ನು ಕಿವಿ ಕೇಳಬೇಕು, ತಿರುವನ್ನು ಕೈ ಎಳೆಯಬೇಕು. ಮೂರರಲ್ಲಿ ಒಂದು ತಪ್ಪಿದರೂ ಆ ಅಕ್ಷರ ಅರೆಬರೆಯಾಗಿ ಉಳಿಯುತ್ತದೆ. ಆದ್ದರಿಂದ ಮಗಳಿಗೂ ಮರಳಿನ ಮೇಲೆ ಬೆರಳಾಡಿಸಿ ಒತ್ತಕ್ಷರ ಬರೆಯಿಸಿ, ಮಗನಿಗೂ ಪುಸ್ತಕದ ಪುಟ ತೋರಿಸಿ. ನಮ್ಮ ಶಾಲೆಗಳ ಒಂದನೇ ತರಗತಿಯಲ್ಲಿ ಅ, ಆ, ಇ, ಈ ಎಂದು ವರ್ಣಮಾಲೆಯ ಸಾಲು ಹಿಡಿಯದೆ ರ, ಗ, ಸ, ದ, ಅ ಎಂದು ಆರಂಭಿಸುವುದನ್ನು ನೀವು ಗಮನಿಸಿರಬಹುದು. ಆಕಾರದಲ್ಲಿ ಒಂದನ್ನೊಂದು ಹೋಲುವ, ಬರೆಯಲು ಸುಲಭವಾದ ಅಕ್ಷರಗಳು ಮೊದಲು ಬಂದರೆ, ‘ರಸ’, ‘ಸರ’, ‘ಅಗಸ’, ‘ಅರಸ’ ಇಂತಹ ಪದಗಳನ್ನು ಮಗು ಬೇಗನೆ ಓದಬಲ್ಲದು. ಈ ಕ್ರಮ ಎಲ್ಲ ಮಕ್ಕಳಿಗೂ ಒಂದೇ. ಅಕ್ಷರದ ಸ್ವಭಾವ ನೋಡಿ ಪಾಠ ಹೆಣೆಯುವುದೆಂದರೆ ಇದೇ.

ಲೆಕ್ಕದಲ್ಲಿ ಕೈಗೆ ಹೆಚ್ಚು ಕೆಲಸ. ಹುಣಸೆ ಬೀಜಗಳನ್ನು ಹತ್ತು ಹತ್ತಾಗಿ ಗುಡ್ಡೆ ಮಾಡದ ಮಗುವಿಗೆ 34 ಎಂದರೆ ಮೂರು ಹತ್ತು ಮತ್ತು ನಾಲ್ಕು ಬಿಡಿ ಎನ್ನುವುದು ಅರ್ಥವಾಗುವುದು ಕಷ್ಟ. ಇದು ‘ನೋಡಿ ಕಲಿಯುವ’ ಮಗಳಿಗೂ ಅಷ್ಟೇ ನಿಜ. ನಾಲ್ಕು ಪಾವಿಗೆ ಒಂದು ಸೇರು ಎಂದು ರಾಗಿ ಅಳೆದು ತೋರಿಸಿದ ಮೇಲೆ ಕಾಲು, ಅರೆ, ಮುಕ್ಕಾಲನ್ನು ಪುಸ್ತಕದಲ್ಲಿ ಕಂಡಾಗ ಮಕ್ಕಳು ಬೆದರುವುದಿಲ್ಲ. ಆದರೆ ಕೊನೆಯವರೆಗೂ ಬೀಜಗಳನ್ನೇ ಎಣಿಸುತ್ತ ಕೂರಬಾರದು. ಕೈಯಲ್ಲಿ ಮಾಡಿದ್ದನ್ನು ಚಿತ್ರದಲ್ಲಿ ಬರೆಯಬೇಕು, ಚಿತ್ರದಲ್ಲಿ ಬರೆದದ್ದನ್ನು ಅಂಕಿಯಲ್ಲಿ ಬರೆಯಬೇಕು. ಮಗ ಬೀಜಗಳಲ್ಲೇ ಸುಖವಾಗಿದ್ದಾನೆಂದು ಅವನನ್ನು ಅಲ್ಲಿಯೇ ಬಿಟ್ಟರೆ ಅವನ ಗಣಿತ ಅಲ್ಲಿಗೇ ನಿಂತುಬಿಡುತ್ತದೆ.

ನಿಮ್ಮ ಮನೆಯ ಕಸುಬನ್ನು ಪಾಠಕ್ಕೆ ಅಡ್ಡಿ ಎಂದು ನೀವು ಬರೆದಿದ್ದೀರಿ. ನನಗೆ ಅದು ಹಾಗೆ ಕಾಣುವುದಿಲ್ಲ. ಚಾಕಿ ಹುಳು (ಮರಿಹುಳು) ತಂದ ದಿನದಿಂದ ಗೂಡು ಬಿಡಿಸುವ ದಿನದವರೆಗೆ ಮಗಳು ದಿನಾಂಕ ಹಾಕಿ ಪುಸ್ತಕವೊಂದರಲ್ಲಿ ಬರೆಯುತ್ತ ಹೋಗಲಿ: ಯಾವ ದಿನ ಹುಳು ಜ್ವರಕ್ಕೆ (ಪೊರೆ ಬಿಡಲು) ಕೂತವು, ಯಾವ ದಿನ ಎದ್ದವು, ಎಷ್ಟು ಸೊಪ್ಪು ಹೋಯಿತು. ನಾಲ್ಕು ಜ್ವರ, ಐದು ಹಂತ, ಕೊನೆಯ ಹಂತದಲ್ಲೇ ಸೊಪ್ಪಿನ ಬಹುಪಾಲು ಖರ್ಚು ಎನ್ನುವುದನ್ನು ಅವಳು ತನ್ನ ಅಂಕಿಗಳಿಂದಲೇ ಕಂಡುಕೊಳ್ಳಬೇಕು. ಮಗ ಅದೇ ಹುಳುವನ್ನು ಪ್ರತಿ ಜ್ವರದ ನಂತರ ದಾರದಿಂದ ಅಳೆದು, ದಾರವನ್ನು ಕಾಗದಕ್ಕೆ ಅಂಟಿಸಿ, ಪಕ್ಕದಲ್ಲಿ ಒಂದು ಪದ ಬರೆದರೆ ಅವನ ವಯಸ್ಸಿಗೆ ಸಾಕು. ಪಾಠ ಒಂದೇ, ಇಬ್ಬರೂ ಸೇರಿ ಮಾಡುವುದು. ಆಳ ಮಾತ್ರ ಬೇರೆ. ಗೂಡು ಮಾರಿ ಬಂದ ದಿನ ಶಿಡ್ಲಘಟ್ಟ ಮಾರುಕಟ್ಟೆಯ ಚೀಟಿಯನ್ನು ಮಗಳ ಕೈಗೆ ಕೊಟ್ಟು, ತೂಕವನ್ನು ದರದಿಂದ ಗುಣಿಸಿ ಮೊತ್ತ ಸರಿಯಿದೆಯೇ ಎಂದು ನೋಡಲು ಹೇಳಿ. (ಸೋಂಕು ನಿವಾರಕ ಔಷಧ ಹೊಡೆದ ದಿನ ಹುಳುಮನೆಯ ಹತ್ತಿರಕ್ಕೂ ಮಕ್ಕಳನ್ನು ಬಿಡಬೇಡಿ ಎಂದು ನಿಮಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.)

ಮಕ್ಕಳ ನಡುವೆ ನಿಜವಾಗಿ ಗಮನಿಸಬೇಕಾದ ವ್ಯತ್ಯಾಸ ಯಾವ ಮಗುವಿಗೆ ಈಗಾಗಲೇ ಎಷ್ಟು ಬರುತ್ತದೆ ಎನ್ನುವುದು. ನಮ್ಮ ರಾಜ್ಯದ ನಲಿ-ಕಲಿ ಪದ್ಧತಿ ಇದನ್ನೇ ಆಧಾರವಾಗಿಟ್ಟುಕೊಂಡಿದೆ. ಚಿಂತಾಮಣಿಯಿಂದ ಪೂರ್ವಕ್ಕೆ ಗಡಿ ದಾಟಿದರೆ ಸಿಗುವ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದನ್ನು ಆರಂಭಿಸಿದರು. ಅಲ್ಲಿ ಕಲಿಕೆಯನ್ನು ಏಣಿಯ ಮೆಟ್ಟಿಲುಗಳಾಗಿ ಬಿಡಿಸಿಟ್ಟು, ಪ್ರತಿ ಮಗುವೂ ತಾನು ನಿಂತ ಮೆಟ್ಟಿಲಿನಿಂದ ಮುಂದಕ್ಕೆ ಹೋಗುವಂತೆ ಮಾಡಿದ್ದಾರೆ. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ನಿಮ್ಮ ಮನೆಯ ಸ್ಥಿತಿಯೂ ಅದೇ. ಹತ್ತಿರದ ಸರ್ಕಾರಿ ಶಾಲೆಯ ಶಿಕ್ಷಕರನ್ನು ಕೇಳಿದರೆ ನಲಿ-ಕಲಿ ಕಾರ್ಡುಗಳನ್ನು ತೋರಿಸಿಯಾರು. ಪಠ್ಯಪುಸ್ತಕಗಳಂತೂ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಇನ್ನು ಸಮಯದ ಮಾತು. ಆರು ವರ್ಷದವನಿಗೆ ಒಂದು ಸಲಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನಕ್ಕೆ ಮೂರು ನಾಲ್ಕು ಸಲ ಕೂರಿಸಿ. ನಿನ್ನೆಯದನ್ನು ಇಂದು, ಇಂದಿನದನ್ನು ಮುಂದಿನ ವಾರ ಪುಸ್ತಕ ಮುಚ್ಚಿ ಕೇಳಿ. ಒಂದೇ ಪುಟವನ್ನು ಮತ್ತೆ ಮತ್ತೆ ಓದುವುದಕ್ಕಿಂತ ಓದಿದ್ದನ್ನು ನೆನಪಿನಿಂದ ಹೊರತೆಗೆಯುವುದು ಒಂದು ವಾರದ ನಂತರ ಹೆಚ್ಚು ಉಳಿಯುತ್ತದೆ ಎಂದು ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಸಂಜೆ ಸೊಪ್ಪು ಹಾಕುವಾಗ ‘ಬೆಳಿಗ್ಗೆ ಏನು ಓದಿದೆ, ಹೇಳು’ ಎಂದು ಕೇಳಿದರೂ ಆ ಕೆಲಸ ಆಗುತ್ತದೆ.

ಪ್ರಶ್ನೆ: ನಾವು ಬಾಗೇಪಲ್ಲಿಯವರು, ಮನೆಮಾತು ತೆಲುಗು. ಏಳು ವರ್ಷದ ಮಗನಿಗೆ ಮನೆಯಲ್ಲಿ ಕನ್ನಡ ಕಲಿಸುತ್ತಿದ್ದೇವೆ. ಕಾಗುಣಿತವನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾನೆ, ಪದ್ಯಗಳೆಲ್ಲ ಬಾಯಿಪಾಠ, ಆದರೆ ಪದ ತೋರಿಸಿದರೆ ಓದಲಾರ. ಇವನು ಕೇಳಿ ಕಲಿಯುವ ಮಗುವೆಂದು ಎಲ್ಲವನ್ನೂ ಧ್ವನಿಮುದ್ರಿಸಿ ಕೇಳಿಸಿದರೆ ಆದೀತೇ?

ಉತ್ತರ: ಆಗದು. ಓದಲು ಬಾರದ ಮಗುವಿಗೆ ಓದಬೇಕಾದ ಅವಕಾಶವನ್ನೇ ತಪ್ಪಿಸಿದಂತಾಗುತ್ತದೆ. ಕಾಗುಣಿತವನ್ನು ಸಾಲಾಗಿ ಒಪ್ಪಿಸುವುದು ನಾಲಗೆಯ ಅಭ್ಯಾಸ. ಸಾಲು ತಪ್ಪಿಸಿ ‘ಕೊ’ ಎಲ್ಲಿದೆ, ‘ಮೀ’ ಎಲ್ಲಿದೆ ಎಂದು ಬೆರಳಿಟ್ಟು ಕೇಳಿದಾಗ ಎಷ್ಟು ಬರುತ್ತದೆ ಎನ್ನುವುದು ತಿಳಿಯುತ್ತದೆ. ಮೊದಲು ಅದನ್ನು ಪರೀಕ್ಷಿಸಿ, ಗೊತ್ತಿಲ್ಲದ ಅಕ್ಷರಗಳನ್ನು ಮಾತ್ರ ಪಟ್ಟಿ ಮಾಡಿಕೊಂಡು, ದಿನಕ್ಕೆ ಎರಡು ಮೂರರಂತೆ ಪದಗಳ ಒಳಗಿಟ್ಟು ಕಲಿಸಿ.

ಆದರೆ ನಿಮ್ಮ ಮಗನ ವಿಷಯದಲ್ಲಿ ಇನ್ನೊಂದು ಸಾಧ್ಯತೆ ನನಗೆ ಹೆಚ್ಚು ಬಲವಾಗಿ ಕಾಣುತ್ತದೆ. ಅಕ್ಷರ ಕೂಡಿಸಿ ಓದಿದರೂ ಆ ಪದ ಅವನಿಗೆ ಗೊತ್ತಿರುವ ಪದವಲ್ಲದಿದ್ದರೆ, ತಾನು ಓದಿದ್ದು ಸರಿಯೋ ತಪ್ಪೋ ಎಂದು ತಿಳಿಯುವ ದಾರಿಯೇ ಅವನಿಗಿಲ್ಲ. ಇದು ಭಾಷೆಯ ಕೊರತೆ, ಕಲಿಯುವ ಬಗೆಗೂ ಇದಕ್ಕೂ ಸಂಬಂಧವಿಲ್ಲ. ಆದ್ದರಿಂದ ಓದಿಗಿಂತ ಮೊದಲು ಮಾತು. ದಿನವೂ ಒಂದು ಹೊತ್ತು ಮನೆಯಲ್ಲಿ ಕನ್ನಡದಲ್ಲೇ ಕತೆ ಹೇಳಿ, ಕತೆ ಕೇಳಿ. ತೆಲುಗನ್ನು ಮಾತ್ರ ಬಿಡಿಸಬೇಡಿ, ಅರ್ಥ ಹಿಡಿಯಲು ಅವನಿಗೆ ಅದೇ ಆಸರೆ. ಓದಲು ಕೊಡುವ ಮೊದಲ ಪದಗಳನ್ನು ಎರಡೂ ಭಾಷೆಗೆ ಹತ್ತಿರವಿರುವವುಗಳಿಂದ ಆರಿಸಿ. ‘ಕಾಲು’ ಎರಡರಲ್ಲೂ ಒಂದೇ. ಪಾಲು–ಹಾಲು, ಪುಲಿ–ಹುಲಿ, ಪಂದಿ–ಹಂದಿ, ಪಾಮು–ಹಾವು ಎಂದು ಜೋಡಿಸಿ ತೋರಿಸಿದರೆ, ಮನೆಯ ‘ಪ’ ಕನ್ನಡದಲ್ಲಿ ಹೇಗೆ ‘ಹ’ ಆಗುತ್ತದೆ ಎಂಬ ಆಟವನ್ನು ಅವನೇ ಮುಂದುವರಿಸುತ್ತಾನೆ. ಎರಡೂ ಲಿಪಿಗಳು ಒಂದೇ ಮೂಲದವು, ಬಹಳಷ್ಟು ಅಕ್ಷರಗಳು ಒಂದೇ ಮೈಕಟ್ಟಿನವು. ತಲೆಕಟ್ಟಿನಲ್ಲಿ ಮುಖ್ಯವಾದ ವ್ಯತ್ಯಾಸವಿದೆ. ಹೀಗಾಗಿ ಕನ್ನಡ ಓದು ಗಟ್ಟಿಯಾದ ಮೇಲೆ ತೆಲುಗು ಓದುವುದು ಅವನಿಗೆ ಹೆಚ್ಚು ಶ್ರಮವಾಗುವುದಿಲ್ಲ. ಎರಡನ್ನೂ ಒಂದೇ ತಿಂಗಳಲ್ಲಿ ಆರಂಭಿಸುವ ಆತುರ ಬೇಡ.

ಪ್ರಶ್ನೆ: ಮೊಬೈಲಿನಲ್ಲಿ ಪಾಠದ ವಿಡಿಯೊ ಹಾಕಿದರೆ ನಮ್ಮ ಐದು ವರ್ಷದ ಮಗಳು ಗಂಟೆಗಟ್ಟಲೆ ನೋಡುತ್ತಾಳೆ. ನೋಡಿ ಕಲಿಯುವ ಮಗುವಿಗೆ ಇದು ಒಳ್ಳೆಯದಲ್ಲವೇ? (ಚಿಂತಾಮಣಿಯಿಂದ)

ಉತ್ತರ: ಗಂಟೆಗಟ್ಟಲೆ ನೋಡುವುದು ಐದು ವರ್ಷದ ಎಲ್ಲ ಮಕ್ಕಳ ಗುಣ, ಅದರಿಂದ ಕಲಿಕೆಯ ಬಗೆ ತಿಳಿಯುವುದಿಲ್ಲ. ಐದು ನಿಮಿಷದ ವಿಡಿಯೊ ತೋರಿಸಿ ನಿಲ್ಲಿಸಿ, ಅದರಲ್ಲಿ ಏನಿತ್ತು ಎಂದು ಕೇಳಿ. ಹೇಳಿದರೆ ಮುಂದಿನದು, ಹೇಳದಿದ್ದರೆ ಮೊಬೈಲ್ ನಿಮ್ಮ ಜೇಬಿಗೆ.

ಪ್ರಶ್ನೆ: ನಾನು ಚಿಕ್ಕಬಳ್ಳಾಪುರದಲ್ಲಿರುವ ನಿವೃತ್ತ ನೌಕರ. ಒಬ್ಬೊಬ್ಬರ ಕಲಿಕೆ ಒಂದೊಂದು ರೀತಿ, ಶಾಲೆಯಲ್ಲಿ ಅದಕ್ಕೆ ಅವಕಾಶವಿಲ್ಲ ಎಂದು ಮಗ, ಸೊಸೆ ಇಬ್ಬರೂ ಮೊಮ್ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುವ ಯೋಚನೆಯಲ್ಲಿದ್ದಾರೆ. ಇದು ಕಾನೂನಿಗೆ ಒಪ್ಪುತ್ತದೆಯೇ? ಮುಂದೆ ಎಸ್‌ಎಸ್‌ಎಲ್‌ಸಿಗೆ ಏನು ಗತಿ?

ಉತ್ತರ: ಯಜಮಾನರೇ, ಸಂವಿಧಾನದ 21ಎ ವಿಧಿಯಡಿ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಕಲಮು ಹೇಳುತ್ತದೆ. ಮನೆಯಲ್ಲಿ ಓದಿಸುವುದನ್ನು ಒಂದು ಆಯ್ಕೆಯಾಗಿ ಆ ಕಾಯ್ದೆ ಎಲ್ಲಿಯೂ ಹೇಳಿಲ್ಲ. ಹಾಗೆ ಓದಿಸಿದ ಪೋಷಕರಿಗೆ ಶಿಕ್ಷೆಯನ್ನೂ ಅದರಲ್ಲಿ ಬರೆದಿಲ್ಲ. ಹೀಗಾಗಿ ಇದನ್ನು ಒಪ್ಪಿಗೆ ಎಂದು ಬಗೆದು ನಿಶ್ಚಿಂತೆಯಿಂದಿರುವುದು ಸರಿಯಲ್ಲ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಶಿಕ್ಷಕರು ಬಂದಾಗ ತೋರಿಸಲು ಮಕ್ಕಳ ಬರಹದ ಪುಸ್ತಕಗಳು, ಓದಿದ ಪುಸ್ತಕಗಳ ಪಟ್ಟಿ ದಿನಾಂಕದೊಂದಿಗೆ ಇರಲಿ. ಸಾಧ್ಯವಾದರೆ ಮೊದಲೇ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ ಮಾತನಾಡಿ ಬರಲಿ.

ಮರಳಿ ಶಾಲೆಗೆ ಸೇರಿಸುವ ದಾರಿ ಮುಚ್ಚಿಲ್ಲ. ಅದೇ ಕಾಯ್ದೆಯ 4ನೇ ಕಲಮಿನಂತೆ, ಶಾಲೆಯ ಹೊರಗಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಸರಿಸಮ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕೂ ಮಗುವಿಗಿದೆ. ಪರೀಕ್ಷೆಗೆ 1989ರಲ್ಲಿ ಸ್ಥಾಪನೆಯಾದ, ಎನ್‌ಐಒಎಸ್ ಎಂದು ಕರೆಯುವ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿದೆ. ಅಲ್ಲಿ 3, 5 ಮತ್ತು 8ನೇ ತರಗತಿಗೆ ಸಮನಾದ ಎ, ಬಿ, ಸಿ ಹಂತಗಳಿವೆ. 14 ವರ್ಷ ತುಂಬಿದವರು ಹತ್ತನೇ ತರಗತಿಗೆ ಸಮನಾದ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು, ವಿಷಯಗಳನ್ನು ಐದು ವರ್ಷಗಳ ಅವಧಿಯಲ್ಲಿ ಬಿಡಿಬಿಡಿಯಾಗಿ ಮುಗಿಸಬಹುದು.

ಆದರೆ ಶಾಲೆ ಬಿಡಿಸಲು ಅವರು ಕೊಡುವ ಕಾರಣ ‘ಕಲಿಕೆಯ ಬಗೆ’ ಒಂದೇ ಆಗಿದ್ದರೆ, ಮೊದಲ ಉತ್ತರವನ್ನು ಅವರಿಗೆ ಓದಲು ಕೊಡಿ. ಮಗು ಶಾಲೆಯಲ್ಲಿ ಹಿಂದುಳಿಯುತ್ತಿದೆ ಎಂದಾದರೆ ಯಾವ ಪಾಠದಲ್ಲಿ, ಎಲ್ಲಿಂದ ತಪ್ಪಿತು ಎಂದು ಶಿಕ್ಷಕರೊಡನೆ ಕೂತು ನೋಡಬಹುದು. ಅದಕ್ಕಾಗಿ ಶಾಲೆ ಬಿಡಿಸಬೇಕಾಗಿಲ್ಲ. ಮನೆಯಲ್ಲಿ ದಿನವೂ ಮೂರು ನಾಲ್ಕು ಗಂಟೆ ಮಕ್ಕಳ ಜೊತೆ ಯಾರು ಕೂರುತ್ತಾರೆ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿದೆಯೇ ಎಂದೂ ಕೇಳಿ. ಆ ಉತ್ತರ ನೀವೇ ಆಗಿದ್ದರೆ ನಿಮ್ಮ ಆರೋಗ್ಯ, ನಿಮ್ಮ ಇಷ್ಟ ಎರಡೂ ಲೆಕ್ಕಕ್ಕೆ ಬರಬೇಕು.

ಪ್ರಶ್ನೆ: ಗೌರಿಬಿದನೂರಿನಿಂದ ಬರೆಯುತ್ತಿದ್ದೇನೆ. ಮಗನಿಗೆ ಒಂಬತ್ತಾಗುತ್ತಿದೆ. ಎರಡು ವರ್ಷದಿಂದ ಮನೆಯಲ್ಲೇ ಓದು. ಮಾತಿನಲ್ಲಿ ಚುರುಕು, ಬಾಯಿಲೆಕ್ಕ ಚೆನ್ನಾಗಿ ಮಾಡುತ್ತಾನೆ. ಓದುವಾಗ ಮಾತ್ರ ಒಂದೊಂದು ಅಕ್ಷರಕ್ಕೂ ತಡವರಿಸುತ್ತಾನೆ, ಒತ್ತಕ್ಷರ ಬಂದರೆ ಬಿಟ್ಟು ಓದುತ್ತಾನೆ, ಬರೆಯುವಾಗ ಅಕ್ಷರ ನುಂಗುತ್ತಾನೆ. ಓದು ಅವನ ಬಗೆಯಲ್ಲ, ಮಾಡಿ ಕಲಿಯುವ ಮಗು ಎಂದು ಪರಿಚಿತರೊಬ್ಬರು ಸಮಾಧಾನ ಹೇಳಿದರು. ಬಿಟ್ಟುಬಿಡಲೇ?

ಉತ್ತರ: ಖಂಡಿತ ಬಿಡಬೇಡಿ. ಆ ಸಮಾಧಾನವನ್ನು ಒಪ್ಪಿಕೊಂಡರೆ ಮಗುವಿಗೆ ಸಿಗಬೇಕಾದ ನೆರವು ವರ್ಷಗಟ್ಟಲೆ ತಡವಾಗುತ್ತದೆ. ಐದಾರು ವರ್ಷದಲ್ಲಿ ಅಕ್ಷರ ತಿರುಗಿಸಿ ಬರೆಯುವುದು, ತಡವರಿಸುವುದು ಸಾಮಾನ್ಯ. ಒಂಬತ್ತರ ಹೊತ್ತಿಗೆ, ಎರಡು ವರ್ಷ ಕ್ರಮವಾಗಿ ಕಲಿಸಿದ ಮೇಲೂ ಹೀಗಿದ್ದರೆ ತಜ್ಞರಿಗೆ ತೋರಿಸಬೇಕು.

ಮೊದಲು ಕಣ್ಣು ಮತ್ತು ಕಿವಿ. ದೃಷ್ಟಿದೋಷವಿರುವ ಮಗು ಪುಸ್ತಕದಿಂದ ದೂರ ಓಡುವುದು, ಕಿವಿ ಮಂದವಿರುವ ಮಗು ಮಾತು ಕೇಳದಿರುವುದು, ಇವೆರಡನ್ನೂ ‘ಬಗೆ’ ಎಂದು ಕರೆದು ಸುಮ್ಮನಾದ ಮನೆಗಳುಂಟು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡುತ್ತಾರೆ. ಆದರೆ ಆ ತಂಡಗಳು ಹೋಗುವುದು ಅಂಗನವಾಡಿಗೆ ಮತ್ತು ಶಾಲೆಗೆ. ಮನೆಯಲ್ಲಿ ಓದುವ ಮಗು ಅವರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ತಾಲ್ಲೂಕು ಆಸ್ಪತ್ರೆಗೆ ನೀವೇ ಕರೆದುಕೊಂಡು ಹೋಗಿ, ಕಾರ್ಯಕ್ರಮದ ಹೆಸರು ಹೇಳಿ ಕೇಳಬೇಕು.

ಕಣ್ಣು, ಕಿವಿ ಸರಿಯಿದ್ದರೆ ಮುಂದಿನ ಹೆಜ್ಜೆ ಕಲಿಕಾ ನ್ಯೂನತೆಯ ಪರೀಕ್ಷೆ. ನೀವು ಬರೆದ ಲಕ್ಷಣಗಳು ಡಿಸ್‌ಲೆಕ್ಸಿಯಾ ಎಂಬ ಓದಿನ ನ್ಯೂನತೆಯಲ್ಲಿಯೂ ಕಾಣುತ್ತವೆ. ಅದು ಹೌದೋ ಅಲ್ಲವೋ ಎಂದು ಪತ್ರ ನೋಡಿ ಹೇಳಲು ನನ್ನಿಂದ ಮಾತ್ರವಲ್ಲ, ಯಾರಿಂದಲೂ ಆಗದು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ, ಬಾಯಿಲೆಕ್ಕದ ಚುರುಕೇ ಅದಕ್ಕೆ ಸಾಕ್ಷಿ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ಈ ಪರೀಕ್ಷೆ ಮಾಡುತ್ತಾರೆ, ಗೌರಿಬಿದನೂರಿನಿಂದ ರೈಲಿನ ಅನುಕೂಲವೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿರುವುದರಿಂದ, ಪ್ರಮಾಣಪತ್ರ ದೊರೆತರೆ ಮುಂದೆ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯದಂತಹ ಅನುಕೂಲಗಳನ್ನು ಕೇಳಬಹುದು.

ಫಲಿತಾಂಶ ಏನೇ ಬರಲಿ, ಅಲ್ಲಿಯವರೆಗೆ ಓದಿನ ಪಾಠವನ್ನು ಕಡಿಮೆ ಮಾಡಬೇಡಿ, ಸಣ್ಣದಾಗಿಸಿ. ಒಂದು ಪದವನ್ನು ಅಕ್ಷರಗಳಾಗಿ ಒಡೆದು ಪ್ರತಿಯೊಂದನ್ನೂ ಗಟ್ಟಿಯಾಗಿ ಉಚ್ಚರಿಸಿ, ಮತ್ತೆ ಕೂಡಿಸಿ ಹೇಳಿಸಿ. ಒತ್ತಕ್ಷರವನ್ನು ಬೇರೆ ಬಣ್ಣದ ಪೆನ್ಸಿಲಿನಲ್ಲಿ ಬರೆಸಿ. ಒಂದು ಒತ್ತು ಗಟ್ಟಿಯಾಗುವವರೆಗೆ ಇನ್ನೊಂದಕ್ಕೆ ಹೋಗಬೇಡಿ. ಕತೆ, ವಿಜ್ಞಾನ, ಸಮಾಜ ಇವುಗಳನ್ನು ನೀವೇ ಓದಿ ಹೇಳಿ, ಓದಿನಲ್ಲಿ ಹಿಂದಿರುವ ಕಾರಣಕ್ಕೆ ತಿಳಿವಳಿಕೆಯಲ್ಲಿ ಹಿಂದುಳಿಯುವುದು ಬೇಡ. ಬೆಂಗಳೂರಿಗೆ ಹೋಗುವಾಗ ಈ ಎರಡು ವರ್ಷದ ಬರಹದ ಪುಸ್ತಕಗಳನ್ನು, ತಿದ್ದಿದ ತಪ್ಪುಗಳ ಸಮೇತ, ತೆಗೆದುಕೊಂಡು ಹೋಗಿ. ಹೊಸದಾಗಿ ನಕಲು ಮಾಡಿದ ಅಂದದ ಪುಟಗಳು ಅವರಿಗೆ ಉಪಯೋಗಕ್ಕೆ ಬರುವುದಿಲ್ಲ. ಅವನು ಯಾವಾಗ ಮಾತು ಕಲಿತ, ಮನೆಯಲ್ಲಿ ಇನ್ನಾರಿಗಾದರೂ ಓದಿನ ತೊಂದರೆ ಇತ್ತೇ ಎನ್ನುವುದನ್ನೂ ಅಲ್ಲಿ ಕೇಳುತ್ತಾರೆ, ಅಜ್ಜಿಯನ್ನು ವಿಚಾರಿಸಿ ಬರೆದಿಟ್ಟುಕೊಂಡಿರಿ.